ಬೆಳ್ಳಂದೂರಿನ ನೊರೆ ಹಿಡಿದು ಸಂಶೋಧನೆ ಓದುವ ಬಗೆ: ಹೊಸಬರಿಗೆ ಹಂತ ಹಂತವಾಗಿ

ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೂತ ವಿದ್ಯಾರ್ಥಿ, ಬಡಾವಣೆಯ ಕೆರೆ ಉಳಿಸಲು ಹೊರಟ ನಿವಾಸಿ, ಹೊಸದಾಗಿ ಪತ್ರಿಕೆಗೆ ಸೇರಿದ ವರದಿಗಾರ್ತಿ, ಇವರೆಲ್ಲ ಒಂದಲ್ಲ ಒಂದು ದಿನ ಸಂಶೋಧನಾ ಪ್ರಬಂಧಗಳ ರಾಶಿಗೆ ಕೈ ಹಾಕಬೇಕಾಗುತ್ತದೆ. ವಿಜ್ಞಾನದ ಪೇಪರ್ ಓದುವ ರೀತಿಯಲ್ಲೇ ಎಂಜಿನಿಯರಿಂಗ್ ಪೇಪರನ್ನೂ ಕಾನೂನಿನ ಲೇಖನವನ್ನೂ ಓದಲು ಹೋದರೆ ಎರಡನೇ ಪುಟಕ್ಕೇ ಸುಸ್ತು. ಮೂರೂ ಸಂಶೋಧನೆಯೇ. ಆದರೆ ಯಾವುದನ್ನು ಪುರಾವೆ ಎಂದು ಒಪ್ಪಬೇಕು ಎಂಬ ವಿಚಾರದಲ್ಲಿ ಒಂದೊಂದು ಶಾಖೆಗೂ ಒಂದೊಂದು ಪದ್ಧತಿ ಇದೆ. ಆ ಪದ್ಧತಿಯನ್ನು ಮೊದಲು ಕಲಿತರೆ ಗಣಿತವೋ ಲ್ಯಾಟಿನ್ ಪದಗಳೋ ಅಷ್ಟಾಗಿ ಹೆದರಿಸುವುದಿಲ್ಲ.

ಬರೀ ಮಾತಿನಲ್ಲಿ ಹೇಳಿದರೆ ಇದು ತಲೆಗೆ ಹತ್ತದು. ಹಾಗಾಗಿ ಒಂದು ಕೆರೆಯನ್ನು ಹಿಡಿದುಕೊಂಡು ಹೋಗೋಣ. ಬೆಳ್ಳಂದೂರು ಕೆರೆ ಸುಮಾರು 900 ಎಕರೆಯದು, ಬೆಂಗಳೂರಿನಲ್ಲೇ ದೊಡ್ಡದು. ಕೋಡಿಯಲ್ಲಿ ಎದ್ದ ನೊರೆ ರಸ್ತೆಗೆ ಹಾರಿದ್ದನ್ನು, 2015, 2017 ಮತ್ತು 2018ರಲ್ಲಿ ಕೆರೆಗೇ ಬೆಂಕಿ ಬಿದ್ದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಇಲ್ಲಿಯ ನೀರು ವರ್ತೂರು ಕೆರೆಗೆ ಇಳಿದು, ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡಿಗೆ ಹೋಗುತ್ತದೆ. ಜೀವವಿಜ್ಞಾನಿಗಳು, ಸಿವಿಲ್ ಎಂಜಿನಿಯರುಗಳು, ವಕೀಲರು ಎಲ್ಲರೂ ಇದರ ಬಗ್ಗೆ ಬರೆದಿದ್ದಾರೆ. ಅಭ್ಯಾಸಕ್ಕೆ ಇದಕ್ಕಿಂತ ಅನುಕೂಲದ ಕೆರೆ ಸಿಗುವುದು ಕಷ್ಟ.

ಹಂತ 1: ವಿಷಯ ಬಿಟ್ಟು ಪ್ರಶ್ನೆ ಹಿಡಿಯಿರಿ

‘ಬೆಳ್ಳಂದೂರು ಕೆರೆಯ ಮಾಲಿನ್ಯ’ ಎಂದು ಹುಡುಕಿದರೆ ಒಂದು ವರ್ಷ ಓದಿದರೂ ಮುಗಿಯದಷ್ಟು ಬರುತ್ತದೆ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಒಂದು ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಳೆ ಬಂದಾಗಲೇ ನೊರೆ ಏಕೆ ಹೆಚ್ಚುತ್ತದೆ? ಇದು ವಿಜ್ಞಾನದ ಪ್ರಶ್ನೆ; ಅಳತೆ ಮಾಡಿ ತೀರ್ಮಾನಿಸಬೇಕು. ಕೆರೆಗೆ ಬರುವ ಕೊಳಚೆಯನ್ನೆಲ್ಲ ಶುದ್ಧೀಕರಿಸಿ ಬಿಡಲು ಎಂಥ ಘಟಕ ಬೇಕು, ಅದಕ್ಕೆ ಎಷ್ಟು ಜಾಗ, ಎಷ್ಟು ಕರೆಂಟು? ಇದು ಎಂಜಿನಿಯರಿಂಗ್, ಕಟ್ಟಿ, ನಡೆಸಿ ತೋರಿಸಬೇಕು. ಕೊಳಚೆ ಬಿಟ್ಟವರು ಯಾರೆಂದು ಗೊತ್ತಾದ ಮೇಲೆ ಅವರನ್ನು ಯಾವ ಕಾಯ್ದೆಯಡಿ ಹೊಣೆ ಮಾಡಬಹುದು? ಇದು ಕಾನೂನು; ವಾದಿಸಿ ಒಪ್ಪಿಸಬೇಕು.

ಪ್ರಶ್ನೆ ಯಾವ ಶಾಖೆಗೆ ಸೇರಿದ್ದು ಎಂದು ಗೊತ್ತಾಗದಿದ್ದರೆ ‘ಉತ್ತರ ಸಿಕ್ಕಿತು ಎಂದು ಯಾವಾಗ ಹೇಳಬಹುದು?’ ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಅಷ್ಟಕ್ಕೇ ಬಗೆಹರಿಯುತ್ತದೆ.

ಹಂತ 2: ಸಿಗುವ ಕಡೆ ಹುಡುಕಿ

ವಿಜ್ಞಾನ, ಎಂಜಿನಿಯರಿಂಗ್ ಎರಡಕ್ಕೂ ಗೂಗಲ್ ಸ್ಕಾಲರ್ ಒಳ್ಳೆಯ ಬಾಗಿಲು. ಊರಿನ ಹೆಸರನ್ನು ಒಂದೇ ಕಾಗುಣಿತದಲ್ಲಿ ಹುಡುಕಬೇಡಿ. ಇಂಗ್ಲಿಷಿನಲ್ಲಿ ಬೆಳ್ಳಂದೂರಿಗೆ ಒಂದು ಎಲ್ ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ, ಕೊನೆಯಲ್ಲಿ ಯು ಬದಲು ಎರಡು ಓ ಬರೆಯುವವರೂ ಇದ್ದಾರೆ. ಕೆರೆಗಳ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಹೊರತಂದ ತಾಂತ್ರಿಕ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಪಿಎಚ್‌ಡಿ ಥೀಸಿಸ್‌ಗಳಿಗೆ ಶೋಧಗಂಗಾ ನೋಡಿ. ಥೀಸಿಸ್ ದಪ್ಪಗಿದೆ ಎಂದು ಹೊಸಬರು ದೂರ ಇಡುತ್ತಾರೆ, ಅದು ತಪ್ಪು. ಹಿಂದಿನವರು ಏನೇನು ಮಾಡಿದ್ದಾರೆ ಎಂಬ ಎರಡನೇ ಅಧ್ಯಾಯವೊಂದನ್ನೇ ಓದಿದರೂ ನಿಮ್ಮ ತಿಂಗಳ ಕೆಲಸ ಉಳಿಯುತ್ತದೆ.

ಎಂಜಿನಿಯರಿಂಗ್ ಜ್ಞಾನದ ದೊಡ್ಡ ಪಾಲು ಜರ್ನಲ್‌ಗಳಲ್ಲಿ ಇರುವುದೇ ಇಲ್ಲ. ಅದು ಮಾನಕಗಳಲ್ಲಿ, ಪೇಟೆಂಟ್‌ಗಳಲ್ಲಿ, ಯೋಜನಾ ವರದಿಗಳಲ್ಲಿ ಇರುತ್ತದೆ. ಭಾರತೀಯ ಮಾನಕಗಳನ್ನು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ತಾಣದಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ತೀರ್ಪುಗಳಿಗೆ ‘ಇಂಡಿಯನ್ ಕಾನೂನ್’ ತಾಣ, ಕಾಯ್ದೆಗಳಿಗೆ ‘ಇಂಡಿಯಾ ಕೋಡ್’ ಸಾಕು.

ಪೇಪರ್ ದುಡ್ಡು ಕೇಳಿದರೆ ತಕ್ಷಣ ಕಾರ್ಡ್ ತೆಗೆಯಬೇಡಿ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಾವಿರಾರು ಜರ್ನಲ್‌ಗಳು ತೆರೆದಿವೆ. ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಚಾರಿಸಿ. ಇಲ್ಲವೇ ಲೇಖಕರಿಗೇ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ತಮ್ಮ ಪೇಪರನ್ನು ಓದುವವರಿದ್ದಾರೆ ಎಂದರೆ ಯಾವ ಸಂಶೋಧಕರಿಗೂ ಬೇಸರವಿಲ್ಲ.

ಹಂತ 3: ವಿಜ್ಞಾನದ ಪೇಪರನ್ನು ನಡುವಿನಿಂದ ಓದಿ

ಮೊದಲು ಸಾರಾಂಶ, ಆಮೇಲೆ ಚಿತ್ರ ಮತ್ತು ಕೋಷ್ಟಕ, ಆಮೇಲೆ ವಿಧಾನ. ಪೀಠಿಕೆ ಕೊನೆಗಿರಲಿ. ವಿಧಾನದ ಭಾಗವನ್ನು ಹಾರಿಸುವವರೇ ಹೆಚ್ಚು, ಆದರೆ ಪುರಾವೆಯ ಗಟ್ಟಿತನ ಇರುವುದು ಅಲ್ಲೇ. ನೀರನ್ನು ಎಲ್ಲಿ ತುಂಬಿಸಿಕೊಂಡರು, ಯಾವಾಗ, ಎಷ್ಟು ಸಲ? ಈ ಮೂರಕ್ಕೆ ಸ್ಪಷ್ಟ ಉತ್ತರವಿಲ್ಲದ ಪೇಪರನ್ನು ಬದಿಗಿಡಿ.

‘ಯಾವಾಗ’ ಎಂಬುದನ್ನೇ ನೋಡಿ. ಕೆರೆನೀರಿನಲ್ಲಿ ಕರಗಿದ ಆಮ್ಲಜನಕ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ಇರುವುದಿಲ್ಲ. ಕೊಳಚೆಯ ಸಾರಜನಕ, ರಂಜಕ ಉಂಡು ಕೊಬ್ಬಿದ ಪಾಚಿ ಬಿಸಿಲಿನಲ್ಲಿ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ರಾತ್ರಿ ಅದೇ ಪಾಚಿ, ಬ್ಯಾಕ್ಟೀರಿಯಾಗಳ ಜೊತೆ ಸೇರಿ, ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಮೂರಕ್ಕೆ ಅಳೆದರೆ ಕೆರೆ ಆರೋಗ್ಯವಾಗಿ ಕಾಣುತ್ತದೆ. ಬೆಳಗಿನ ಜಾವ ಅಳೆದರೆ ಸೊನ್ನೆಯ ಹತ್ತಿರ ಇರಬಹುದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ ಸುದ್ದಿ ನೆನಪಿದ್ದರೆ, ಇಂಥ ಸಾವುಗಳ ಕಾರಣ ಹುಡುಕುವವರು ರಾತ್ರಿಯ ಆಮ್ಲಜನಕವನ್ನು ಮೊದಲು ಕೇಳುವುದು ಏಕೆಂದು ಗೊತ್ತಾಗುತ್ತದೆ. ಸಮಯ ಬರೆಯದ ಕೋಷ್ಟಕದಲ್ಲಿ ದಶಾಂಶದ ಎರಡು ಅಂಕಿ ಇದ್ದು ಏನು ಫಲ?

ಇನ್ನು ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ಜೀವಾಣುಗಳು ತಿಂದು ಅರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬುದರ ಅಳತೆ ಇದು. ಹೊರದೇಶಗಳ ಪೇಪರ್‌ಗಳಲ್ಲಿ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ದಿನ ಇಟ್ಟು ಅಳೆಯುತ್ತಾರೆ. ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ. ನಮ್ಮ ಹವೆಗೆ ಅದು ಸರಿ. ಆದರೆ ಜರ್ಮನಿಯ ಕೆರೆಯ ಅಂಕಿಯನ್ನೂ ಬೆಳ್ಳಂದೂರಿನ ಅಂಕಿಯನ್ನೂ ಒಂದೇ ಕೋಷ್ಟಕದಲ್ಲಿ ಹಾಕುವ ಮುನ್ನ ಎರಡೂ ಕಡೆ ಎಷ್ಟು ದಿನ, ಎಷ್ಟು ಡಿಗ್ರಿ ಎಂದು ನೋಡಿಕೊಳ್ಳಿ. ನೋಡದೆ ಹಾಕಿದ ಪ್ರಾಜೆಕ್ಟ್ ವರದಿಗಳಿಗೆ ಕೊರತೆಯಿಲ್ಲ.

ಕೊನೆಯದಾಗಿ ಕ್ರಿಯಾಪದಗಳ ಮೇಲೆ ಕಣ್ಣಿಡಿ. ನೊರೆಯ ಬಗ್ಗೆ ಸಂಶೋಧಕರು ಕೊಡುವ ವಿವರಣೆ ಸ್ಥೂಲವಾಗಿ ಹೀಗಿದೆ: ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಮಾರ್ಜಕಗಳ ಅಂಶ ಕೊಳಚೆಯ ಜೊತೆ ಬಂದು ಹೂಳಿಗೆ ಅಂಟಿ ತಳದಲ್ಲಿ ಕೂರುತ್ತದೆ, ಮಳೆನೀರು ನುಗ್ಗಿದಾಗ ಹೂಳು ಕದಡಿ ಅದು ಮತ್ತೆ ಮೇಲೇಳುತ್ತದೆ, ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಬೆರೆತು ನೊರೆಯಾಗುತ್ತದೆ. ಇದರಲ್ಲಿ ಯಾವ ಕೊಂಡಿಯನ್ನು ಅಳೆದು ತೋರಿಸಿದ್ದಾರೆ, ಯಾವುದನ್ನು ‘ಇರಬಹುದು’ ಎಂದು ಬಿಟ್ಟಿದ್ದಾರೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಪತ್ರಿಕೆಯ ತಲೆಬರಹಕ್ಕೆ ಬರುವಷ್ಟರಲ್ಲಿ ‘ಇರಬಹುದು’ ಎನ್ನುವುದೆಲ್ಲ ‘ಇದೆ’ ಆಗಿರುತ್ತದೆ. ವಿಜ್ಞಾನಿ ಎಚ್ಚರಿಕೆಯಿಂದ ಬರೆದದ್ದನ್ನು ಓದುಗ ಎಚ್ಚರಿಕೆಯಿಂದ ಓದದಿದ್ದರೆ ದೋಷ ಪೇಪರಿನದಲ್ಲ.

ಹಂತ 4: ಎಂಜಿನಿಯರಿಂಗ್ ಪೇಪರಿಗೆ ‘ಎಷ್ಟು ದೊಡ್ಡದು?’ ಎಂದು ಕೇಳಿ

ವಿಜ್ಞಾನದ ಪೇಪರ್ ‘ಹೀಗಿದೆ’ ಎನ್ನುತ್ತದೆ. ಎಂಜಿನಿಯರ್ ‘ಹೀಗೆ ಮಾಡಬಹುದು’ ಎನ್ನುತ್ತಾನೆ, ಆ ಮಾತಿಗೆ ಯಾವಾಗಲೂ ಷರತ್ತುಗಳಿರುತ್ತವೆ. ಶೇಕಡ 95ರಷ್ಟು ಕೊಳೆ ತೆಗೆದೆವು ಎಂದು ಸಾರಾಂಶದಲ್ಲಿ ಓದಿದ ಕೂಡಲೇ ಪ್ರಯೋಗದ ಗಾತ್ರ ಹುಡುಕಿ. ಹತ್ತು ಲೀಟರಿನ ಗಾಜಿನ ತೊಟ್ಟಿಯಲ್ಲೋ, ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಹರಿಯುವ ಘಟಕದಲ್ಲೋ? ಎರಡು ವಾರ ನಡೆಸಿದರೋ, ಮಳೆಗಾಲ ಬೇಸಿಗೆ ಎರಡೂ ಕಳೆಯಿತೋ? ರಾಜಕಾಲುವೆಯ ನಿಜವಾದ ಕೊಳಚೆ ಹರಿಸಿದರೋ, ಸಕ್ಕರೆ ಮತ್ತು ಲವಣ ಬೆರೆಸಿ ಮಾಡಿದ ಕೃತಕ ಕೊಳಚೆಯೋ? ಈ ಮೂರನೆಯದನ್ನು ಹೊಸಬರು ಕೇಳುವುದೇ ಇಲ್ಲ.

ಜೊತೆಗೆ ಒಂದು ಸಣ್ಣ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. 1 ಎಂಎಲ್‌ಡಿ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಏನಿದ್ದರೂ ಅದು ದಿನಕ್ಕೆ 1 ಕಿಲೋ. ಹಾಗಾದರೆ 100 ಎಂಎಲ್‌ಡಿ ಕೊಳಚೆ, ಲೀಟರಿಗೆ 200 ಮಿಲಿಗ್ರಾಂ ಬಿಒಡಿ ಎಂದರೆ ದಿನಕ್ಕೆ 20,000 ಕಿಲೋ. ಶೇಕಡ 90 ತೆಗೆದರೂ ದಿನಕ್ಕೆ 2,000 ಕಿಲೋ ಕೆರೆಗೆ ಹೋಗುತ್ತಲೇ ಇರುತ್ತದೆ. ಶೇಕಡಾವಾರು ಅಂಕಿ ನೋಡಿ ಸಂತೋಷಪಡುವ ಅಧಿಕಾರಿಗಳ ಮುಂದೆ ಈ ಕಿಲೋ ಲೆಕ್ಕ ಇಟ್ಟು ನೋಡಿ.

ಕೊಳಚೆ ಶುದ್ಧೀಕರಣದ ಪೇಪರ್‌ಗಳಲ್ಲಿ ‘ಚುರುಕುಗೊಳಿಸಿದ ಕೆಸರು’ ವಿಧಾನ ಮತ್ತೆ ಮತ್ತೆ ಬರುತ್ತದೆ. ಕೊಳಚೆಗೆ ಗಾಳಿ ಊದಿ, ಅದರಲ್ಲೇ ಬೆಳೆದ ಜೀವಾಣುಗಳ ಕೆಸರನ್ನು ತೊಟ್ಟಿಗೆ ಮರಳಿ ಬಿಡುವ ಈ ಉಪಾಯವನ್ನು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಪ್ರಕಟಿಸಿದರು. ಆ ಕೆಲಸಕ್ಕೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿಗೇ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ನೂರು ವರ್ಷದ ಹಿಂದೆಯೇ ವಿದ್ಯೆ ಊರಿಗೆ ಬಂದಿತ್ತು ಎಂದಾಯಿತು.

ಇದಕ್ಕಿಂತ ಹಳೆಯ ಇನ್ನೊಂದು ಕಾಗದವನ್ನೂ ನೆನಪಿಡಿ. ಶುದ್ಧೀಕರಿಸಿ ಬಿಡುವ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಬಿಒಡಿ, 30 ಮಿಲಿಗ್ರಾಂ ತೇಲುಕಣ ಇದ್ದರೆ ಸಾಕು ಎಂದು ಬ್ರಿಟನ್ನಿನ ರಾಯಲ್ ಆಯೋಗ 1912ರಲ್ಲಿ ಶಿಫಾರಸು ಮಾಡಿತು. ಲೋಕದ ತುಂಬ ಕೊಳಚೆ ಎಂಜಿನಿಯರುಗಳ ಬಾಯಲ್ಲಿ ಆ ಅಂಕಿ ಉಳಿಯಿತು, ಜೊತೆಗಿದ್ದ ಷರತ್ತು ಮರೆಯಿತು: ಆ ನೀರು ಸೇರುವ ನದಿಯಲ್ಲಿ ಅದರ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ಹರಿಯುತ್ತಿರಬೇಕು. ಬೆಂಗಳೂರಿಗೆ ಅಂಥ ನದಿ ಎಲ್ಲಿದೆ? ಬೇಸಿಗೆಯಲ್ಲಿ ಬೆಳ್ಳಂದೂರಿಗೆ ಹರಿದು ಬರುವುದೇ ಕೊಳಚೆ. ಎಂಜಿನಿಯರಿಂಗ್ ಓದುವಾಗ ಅಂಕಿಯ ಪಕ್ಕದ ಷರತ್ತನ್ನೂ ಬರೆದುಕೊಳ್ಳಿ ಎನ್ನುವುದು ಇದಕ್ಕೇ. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ 440 ಎಂಎಲ್‌ಡಿ ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾದಾಗ ಎದ್ದ ವಾದವಿವಾದವನ್ನು ಓದಿ ನೋಡಿ; ಅಲ್ಲಿಯೂ ಜಗಳ ಯಂತ್ರದ ಬಗ್ಗೆ ಕಡಿಮೆ. ಎರಡನೇ ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂಬುದರ ಬಗ್ಗೆ ಹೆಚ್ಚು.

ಹಂತ 5: ಕಾನೂನಿನಲ್ಲಿ ಅಡಿಟಿಪ್ಪಣಿಯಿಂದ ಶುರು ಮಾಡಿ

ಕಾನೂನಿನ ಸಂಶೋಧನೆಗೆ ಪ್ರಯೋಗಾಲಯವಿಲ್ಲ. ಕಾಯ್ದೆ, ತೀರ್ಪು, ಅವುಗಳ ನಡುವಿನ ತರ್ಕ, ಇವೇ ಸಾಮಗ್ರಿ. ಲೇಖನದ ಮೈಗಿಂತ ಅಡಿಟಿಪ್ಪಣಿ ಉದ್ದವಾಗಿದ್ದರೆ ಗಾಬರಿಯಾಗಬೇಡಿ. ಪುರಾವೆ ಇರುವುದು ಅಲ್ಲೇ. (ಅಮೆರಿಕದ ಹೆಸರಾಂತ ಕಾನೂನು ಜರ್ನಲ್‌ಗಳನ್ನು ಸಂಪಾದಿಸುವವರು ವಿದ್ಯಾರ್ಥಿಗಳು! ವಿಜ್ಞಾನದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.) ತೀರ್ಪುಗಳು ಎಷ್ಟರ ಮಟ್ಟಿಗೆ ಜಾರಿಯಾದವು ಎಂದು ಕಚೇರಿ ಕಡತ ಎಣಿಸಿ, ಜನರನ್ನು ಮಾತಾಡಿಸಿ ಬರೆಯುವ ಅಧ್ಯಯನಗಳೂ ಇವೆ. ಅವನ್ನು ಸಮಾಜವಿಜ್ಞಾನದ ಪೇಪರಿನಂತೆಯೇ ಓದಬೇಕು.

ತೀರ್ಪು ಓದುವ ಕ್ರಮ ಸರಳ. ಯಾರು ಯಾರ ವಿರುದ್ಧ ಬಂದರು, ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಯಾವುದು, ಕೊನೆಗೆ ಏನು ಆದೇಶಿಸಿತು, ಆ ಆದೇಶಕ್ಕೆ ಅನಿವಾರ್ಯವಾಗಿದ್ದ ಕಾರಣ ಯಾವುದು. ಮುಂದಿನ ಮೊಕದ್ದಮೆಗಳನ್ನು ಕಟ್ಟಿಹಾಕುವುದು ಆ ಕಾರಣ ಮಾತ್ರ. ನ್ಯಾಯಮೂರ್ತಿಗಳು ಪ್ರಸಂಗವಶಾತ್ ನದಿ, ಸಂಸ್ಕೃತಿ, ಮುಂದಿನ ಪೀಳಿಗೆ ಎಂದು ಬರೆದ ಚೆಂದದ ಪುಟಗಳನ್ನು ಓದಿ ಖುಷಿಪಡಿ, ಪೂರ್ವನಿದರ್ಶನ ಎಂದು ಉಲ್ಲೇಖಿಸಬೇಡಿ.

ಆಮೇಲೆ, ಓದಿದ ತೀರ್ಪು ಇನ್ನೂ ಜೀವಂತವಿದೆಯೇ ನೋಡಿ. ಕೆರೆಯಂಚಿನಿಂದ 75 ಮೀಟರ್ ಮೀಸಲು ವಲಯ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಆದೇಶಿಸಿತು. ಬೆಳ್ಳಂದೂರು–ಅಗರ ಕೆರೆಗಳ ಪಕ್ಕದ ಕಟ್ಟಡ ಯೋಜನೆಗಳ ಮೇಲಿನ ಮೊಕದ್ದಮೆ ಅದು. ಬೆಂಗಳೂರಿನ ಮಹಾಯೋಜನೆಯಲ್ಲಿ ಇದ್ದದ್ದು 30 ಮೀಟರ್. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ 75 ಮೀಟರ್ ನಿರ್ದೇಶನವನ್ನು ರದ್ದು ಮಾಡಿತು. ಶಾಸನಬದ್ಧ ಮಹಾಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. ಗಮನಿಸಿ, ಕೆರೆಗೆ 30 ಮೀಟರ್ ಸಾಕೋ 75 ಬೇಕೋ ಎಂಬ ಪರಿಸರ ವಿಜ್ಞಾನದ ಪ್ರಶ್ನೆಗೆ ಆ ತೀರ್ಪು ಉತ್ತರವಲ್ಲ. ಯಾರು ತೀರ್ಮಾನಿಸಬಹುದು ಎಂಬುದಕ್ಕೆ ಉತ್ತರ. ‘75 ಮೀಟರ್ ಅವೈಜ್ಞಾನಿಕ ಎಂದ ಸುಪ್ರೀಂ ಕೋರ್ಟ್’ ಎಂದು ಯಾರಾದರೂ ಬರೆದರೆ ಅವರು ತೀರ್ಪು ಓದಿಲ್ಲ.

ಕಾಯ್ದೆಯದೂ ಅದೇ ಕಥೆ. 1974ರ ಜಲಮಾಲಿನ್ಯ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂತು. ನೀರು ರಾಜ್ಯದ ವಿಷಯವಾದ್ದರಿಂದ ತಿದ್ದುಪಡಿ ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗಷ್ಟೇ ಅನ್ವಯ. ಉಳಿದ ರಾಜ್ಯಗಳು ವಿಧಾನಮಂಡಲದ ನಿರ್ಣಯದ ಮೂಲಕ ಒಪ್ಪಿಕೊಳ್ಳಬೇಕು. ನಿಮ್ಮ ಪ್ರಶ್ನೆಯ ದಿನಾಂಕಕ್ಕೆ, ನಿಮ್ಮ ರಾಜ್ಯಕ್ಕೆ ಯಾವ ರೂಪ ಅನ್ವಯಿಸುತ್ತದೆ ಎಂದು ನೋಡದೆ ಕಲಂ ಸಂಖ್ಯೆ ಬರೆಯಬೇಡಿ.

ಹಂತ 6: ಒಂದೇ ಬಾಟಲಿ ನೀರನ್ನು ಮೂವರ ಕೈಗೂ ಕೊಟ್ಟು ನೋಡಿ

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ವಿಜ್ಞಾನಿ ಒಂದು ಬಾಟಲಿಯಲ್ಲಿ ನೀರು ತುಂಬಿ, ಜಾಗ ಸಮಯ ಬರೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾನೆ. ಪಕ್ಕದಲ್ಲಿ ಇನ್ನೆರಡು ಬಾಟಲಿ ತುಂಬಿದರೆ ಅವನ ಪುರಾವೆ ಇನ್ನೂ ಗಟ್ಟಿ. ಎಂಜಿನಿಯರಿಗೆ ಒಂದು ಬಾಟಲಿ ಯಾತಕ್ಕೂ ಸಾಲದು. ದಿನವಿಡೀ ಹರಿವಿಗೆ ತಕ್ಕಂತೆ ಸ್ವಲ್ಪ ಸ್ವಲ್ಪ ತುಂಬಿ ಬೆರೆಸಿದ ಮಾದರಿ, ಜೊತೆಗೆ ಹರಿವಿನ ಅಳತೆ ಬೇಕು. ಇಲ್ಲದಿದ್ದರೆ ಕಿಲೋ ಲೆಕ್ಕ ಹಾಕುವುದು ಹೇಗೆ?

ವಕೀಲರ ಬಾಟಲಿಯೇ ಬೇರೆ. ಜಲಮಾಲಿನ್ಯ ಕಾಯ್ದೆಯ 21ನೇ ಕಲಂ ಪ್ರಕಾರ ಕಾರ್ಖಾನೆಯ ತ್ಯಾಜ್ಯನೀರಿನ ಮಾದರಿ ತೆಗೆಯುವ ಅಧಿಕಾರಿ ಅಲ್ಲಿಯ ಹೊಣೆ ಹೊತ್ತವರಿಗೆ ನೋಟಿಸ್ ಕೊಡಬೇಕು, ಅವರೆದುರೇ ಮಾದರಿಯನ್ನು ಎರಡು ಪಾಲು ಮಾಡಬೇಕು, ಗುರುತು ಹಾಕಿ ಮುದ್ರೆಯೊತ್ತಬೇಕು, ಇಬ್ಬರೂ ಸಹಿ ಹಾಕಬೇಕು, ಆಮೇಲೆ ನಿಗದಿತ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಈ ಕ್ರಮ ತಪ್ಪಿದರೆ ವಿಶ್ಲೇಷಣೆಯ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಜರ್ನಲ್‌ನಲ್ಲಿ ಅಚ್ಚಾದ, ಎಲ್ಲ ವಿಜ್ಞಾನಿಗಳೂ ಒಪ್ಪಿದ ಅಂಕಿ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಮುದ್ರೆ, ಸಹಿ ಎಲ್ಲ ಸರಿಯಿದ್ದ ಮಾದರಿಯನ್ನು ಮಧ್ಯಾಹ್ನ ಮೂರಕ್ಕೆ ಒಮ್ಮೆ ಮಾತ್ರ ತೆಗೆದಿದ್ದರೆ ವಿಜ್ಞಾನಿ ಅದನ್ನು ಮೂಸಿಯೂ ನೋಡುವುದಿಲ್ಲ. ಇದರಲ್ಲಿ ಯಾರೂ ದಡ್ಡರಲ್ಲ. ಒಬ್ಬರಿಗೆ ತಪ್ಪು ತಿಳಿವಳಿಕೆಯ ಭಯ, ಇನ್ನೊಬ್ಬರಿಗೆ ನಿರಪರಾಧಿಗೆ ಶಿಕ್ಷೆಯಾದೀತೆಂಬ ಭಯ. ಆದರೆ ಹಸಿರು ನ್ಯಾಯಮಂಡಳಿಗೆ, ಅದನ್ನು ಸ್ಥಾಪಿಸಿದ 2010ರ ಕಾಯ್ದೆಯೇ ಸಾಕ್ಷ್ಯ ಕಾಯ್ದೆಯ ಕಟ್ಟುಗಳನ್ನು ಸಡಿಲಿಸಿದೆ. 2017ರಲ್ಲಿ ಬೆಂಕಿಯ ಸುದ್ದಿ ನೋಡಿ ಅದು ತಾನಾಗಿ ಪ್ರಕರಣ ಕೈಗೆತ್ತಿಕೊಂಡು, 2018ರ ಡಿಸೆಂಬರ್ 6ರಂದು ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿ, ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ನೇತೃತ್ವದ ಸಮಿತಿ ಮಾಡಿದ ಆದೇಶವನ್ನು ಈ ಹಿನ್ನೆಲೆಯಲ್ಲಿ ಓದಿ.

ಅಭ್ಯಾಸಕ್ಕೆ ಒಂದು ಅಂಕಿಯನ್ನು ಬೆನ್ನಟ್ಟಿ. ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿಗೆ ಲೀಟರಿಗೆ 10 ಮಿಲಿಗ್ರಾಂ ಬಿಒಡಿ ಎಂದು ಕೇಂದ್ರ ಪರಿಸರ ಸಚಿವಾಲಯದ 2015ರ ಕರಡು ಹೇಳಿತು. 2017ರ ಅಂತಿಮ ಅಧಿಸೂಚನೆಯಲ್ಲಿ ಅದು ಮಹಾನಗರಗಳಿಗೆ 20, ಉಳಿದ ಕಡೆಗೆ 30 ಆಯಿತು. 2019ರ ಏಪ್ರಿಲ್ 30ರಂದು ಹಸಿರು ನ್ಯಾಯಮಂಡಳಿ ಮತ್ತೆ 10 ಎಂದಿತು. ಈ ಏರಿಳಿತದಲ್ಲಿ ಮೀನಿನ ವಾದ ಯಾವುದು, ಖರ್ಚಿನ ವಾದ ಯಾವುದು, ಅಧಿಕಾರದ ವಾದ ಯಾವುದು ಎಂದು ಮೂರು ಬಣ್ಣದಲ್ಲಿ ಗುರುತಿಸಿ.

ಹಂತ 7: ಕಾಳು ಜೊಳ್ಳು ಬೇರ್ಪಡಿಸಿ

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವ, ಕೆರೆ, ಕವಿತೆ, ಕಂಪ್ಯೂಟರ್ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಹಾಕುವ ಜರ್ನಲ್‌ಗಳಿಂದ ದೂರವಿರಿ. ಲೇಖಕರಿಂದ ಶುಲ್ಕ ಪಡೆದ ಮಾತ್ರಕ್ಕೆ ಜರ್ನಲ್ ಕಳಪೆಯಲ್ಲ. ಓದುಗರಿಗೆ ಉಚಿತವಾಗಿ ಕೊಡುವ ಒಳ್ಳೆಯ ಜರ್ನಲ್‌ಗಳೂ ಶುಲ್ಕ ಪಡೆಯುತ್ತವೆ. ಎಐ ಕೊಟ್ಟ ಪೇಪರ್ ಹೆಸರನ್ನಾಗಲಿ ತೀರ್ಪಿನ ಉಲ್ಲೇಖವನ್ನಾಗಲಿ ಮೂಲ ತೆರೆದು ನೋಡದೆ ಬರೆಯಬೇಡಿ, ಇಲ್ಲದ ಮೊಕದ್ದಮೆಗಳನ್ನು ಅದು ಧಾರಾಳವಾಗಿ ಹುಟ್ಟಿಸುತ್ತದೆ.

ಹಂತ 8: ಇಲ್ಲದ ಅಂಕಿಯನ್ನು ಕೇಳಿ ಪಡೆಯಿರಿ

ಇಷ್ಟು ಓದಿದ ಮೇಲೆ ಯಾವುದೋ ಒಂದು ಅಂಕಿ ಎಲ್ಲೂ ಸಿಗದೆ ಉಳಿದಿರುತ್ತದೆ. ನಿಮ್ಮ ಸಂಶೋಧನೆ ಅಲ್ಲಿಂದಲೇ ಶುರು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ‘ಕೆರೆಯ ಮಾಲಿನ್ಯದ ಮಾಹಿತಿ ಕೊಡಿ’ ಎಂದರೆ ಏನೂ ಬರುವುದಿಲ್ಲ. ಇಂಥ ಕೆರೆಯ ಇಂಥ ಜಾಗದಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ತೆಗೆದ ಪ್ರತಿ ಮಾದರಿಯ ದಿನಾಂಕ, ಗಂಟೆ, ಬಿಒಡಿ, ಕರಗಿದ ಆಮ್ಲಜನಕ, ಪರೀಕ್ಷಾ ವಿಧಾನ, ಪ್ರಯೋಗಾಲಯದ ಹೆಸರು ಎಂದು ಬರೆಯಿರಿ. ಗಂಟೆಯನ್ನು ಕೇಳುವುದನ್ನು ಮಾತ್ರ ಮರೆಯಬೇಡಿ.